ಓಪಿ ಬಿಟ್ಟು ಓದಲು ಹೋಗಬೇಡ, ಕೂಸೇ

ಹೋದ ಭಾನುವಾರ ಬಣ್ಣಾರಿಯಿಂದ ದಿಂಬಂ ಹತ್ತುವಾಗ ಕಬ್ಬಿನ ಲಾರಿಯೊಂದು ತಿರುವಿನಲ್ಲಿ ಅಡ್ಡ ನಿಂತಿತ್ತಲ್ಲ, ಆಗ ನೀನು ಎಂಜಿನ್ ಆಫ್ ಮಾಡಿ ಒಂದು ಮಾತು ಅಂದೆ. "ದೊಡ್ಡಪ್ಪ, ಎಲ್ಲಾ ಬಿಟ್ಟು ಎರಡು ವರ್ಷ ಓದಕ್ಕೆ ಹೋಗ್ಬಿಡ್ತೀನಿ. ಇಲ್ಲೇ ಇದ್ರೆ ಕಲ್ತಿದ್ದೂ ಮರ್ತೋಯ್ತದೆ." ನಾನು ಏನೂ ಹೇಳಲಿಲ್ಲ. ಲಾರಿ ಸರಿಯಿತು, ನಾವೂ ಹೊರಟೆವು, ಮಾತು ಆ ತಿರುವಿನಲ್ಲೇ ಉಳಿಯಿತು. ಅವತ್ತು ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ನಿನ್ನ ಹೆದರಿಕೆ ಸುಳ್ಳಲ್ಲ. ಬೆಟ್ಟದ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರಿಗೆ ಮೊದಲ ವರ್ಷ ಎದೆ ಡವಡವ, ಎರಡನೆಯ ವರ್ಷ ರೂಢಿ. ಎದೆ ಡವಡವ ಎನ್ನುವವರೆಗೆ ಭಯವಿಲ್ಲ, ರೂಢಿ ಬಿದ್ದ ಮೇಲೇ ಭಯ. ಜ್ವರಕ್ಕೊಂದು ಚೀಟಿ, ಕೆಮ್ಮಿಗೊಂದು ಚೀಟಿ, ಕೈಗೆ ಹತ್ತದ್ದಕ್ಕೆಲ್ಲ ಒಂದೇ ಮಾತು: ದೊಡ್ಡಾಸ್ಪತ್ರೆಗೆ ಹೋಗಿ. ಈ ಕಡೆ ಸತ್ಯಮಂಗಲ, ಆ ಕಡೆ ಚಾಮರಾಜನಗರ. ನಾನೂ ವರ್ಷಗಟ್ಟಲೆ ಹಾಗೇ ಬರೆದುಕೊಟ್ಟವನು. ಆದರೆ ಅದಕ್ಕೆ ಮದ್ದು ಬೆಟ್ಟ ಬಿಟ್ಟು ಹೋಗುವುದಲ್ಲ ಕಣವ್ವ. ಇದು ನನಗೆ ಒಂದು ಸಾವಿನಿಂದ ತಿಳಿಯಿತು. ನಿನ್ನಪ್ಪನಿಗೂ ಇದನ್ನು ನಾನು ಪೂರ್ತಿ ಹೇಳಿಲ್ಲ.

1987ರ ಮಳೆಗಾಲ. ಜೋಳದ ಹೊಲದ ಕಾವಲು ಗುಡಿಸಲಿನಲ್ಲಿ ನೆಲದ ಮೇಲೆ ಮಲಗಿದ್ದ ಹತ್ತೊಂಬತ್ತರ ಹುಡುಗನನ್ನು ಬೆಳಗಿನ ಜಾವ ಹೊತ್ತು ತಂದರು. ಹೊಟ್ಟೆನೋವು, ಎರಡು ಸಲ ವಾಂತಿ. ಹೊಟ್ಟೆ ಮುಟ್ಟಿ ನೋಡಿದೆ, ಮೆತ್ತಗಿತ್ತು. ಮೈಮೇಲೆ ಗಾಯವಿಲ್ಲ, ಬಾವಿಲ್ಲ. ಒಂದು ಇಂಜೆಕ್ಷನ್ ಕೊಟ್ಟು ಗ್ಲೂಕೋಸ್ ಹಾಕಿದೆ. ಗಂಟೆಯೊಂದು ಕಳೆದ ಮೇಲೆ ಅವನ ಅವ್ವ, "ಕಣ್ಣೇ ಬುಡ್ತಾ ಇಲ್ಲ ಸಾಮಿ, ನಿದ್ದೆಯೋ ಏನೋ" ಅಂದಳು. ರಾತ್ರಿಯೆಲ್ಲ ಹಂದಿ ಕಾದವನು, ನಿದ್ದೆ ಮಾಡಲಿ ಅಂದೆ. ಅವನು ನಿದ್ದೆ ಮಾಡುತ್ತಿರಲಿಲ್ಲ. ರೆಪ್ಪೆ ಎತ್ತಲು ಅವನಿಂದ ಆಗುತ್ತಿರಲಿಲ್ಲ. ನೀರು ಗಂಟಲಲ್ಲಿ ಇಳಿಯದಾದಾಗ ಗಾಬರಿಯಾಗಿ ಜೀಪಿನಲ್ಲಿ ಮಲಗಿಸಿ ಘಾಟಿ ಇಳಿಸಿದೆವು. ಬಣ್ಣಾರಿ ಗುಡಿ ಕಾಣುವ ಮೊದಲೇ ಉಸಿರು ನಿಂತಿತು.

ಕಟ್ಟುಹಾವು. ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಬೆಳಗಿನ ಜಾವದ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ, ಈ ಎರಡು ಒಟ್ಟಿಗೆ ಬಂದರೆ ಬೇರೆ ಕಾರಣ ಸಿಗುವವರೆಗೂ ಅದು ಕಟ್ಟುಹಾವೇ. ವಿಷನಿರೋಧಕ ಸೀರಮ್ಮಿನ ಹತ್ತು ಬಾಟಲಿ, ಉಸಿರು ಸೋತ ಕೂಡಲೇ ಆಂಬು ಬ್ಯಾಗು, ಘಾಟಿಯ 27 ತಿರುವು ಮುಗಿದು ವೆಂಟಿಲೇಟರ್ ಸಿಗುವವರೆಗೂ ಆ ಬ್ಯಾಗನ್ನು ಬಿಡದೆ ಒತ್ತುವ ಒಂದು ಕೈ. ಇಷ್ಟಿದ್ದಿದ್ದರೆ ಆ ಹುಡುಗ ಬದುಕುವ ಸಾಧ್ಯತೆಯಿತ್ತು, ಏಕೆಂದರೆ ಆ ವಿಷದಿಂದಾಗುವ ಸ್ನಾಯುಗಳ ಸೋಲು ದಿನಗಳು ಕಳೆದಂತೆ ಇಳಿಯುವಂಥದು.

ನಾನು ಇದನ್ನು ಓದಿರಲಿಲ್ಲವೇ? ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಓದಿದ್ದು ಪುಸ್ತಕದಲ್ಲಿತ್ತು, ಹುಡುಗ ಬೆಂಚಿನ ಮೇಲಿದ್ದ. ಎರಡನ್ನೂ ಸೇರಿಸಿ ತೋರಿಸುವವರು ಪಕ್ಕದಲ್ಲಿರಲಿಲ್ಲ.

ಹಾಗೆ ಸೇರಿಸಿ ತೋರಿಸುವವರು ನನಗೆ ಸಿಕ್ಕಿದ್ದು ಐವತ್ತು ದಾಟಿದ ಮೇಲೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಕುಟುಂಬ ವೈದ್ಯದಲ್ಲಿ ಎರಡು ವರ್ಷದ ದೂರಶಿಕ್ಷಣ ಡಿಪ್ಲೊಮಾ ಶುರುಮಾಡಿದ್ದರು. ಕೆಲಸ ಬಿಡಬೇಕಿರಲಿಲ್ಲ, ಊರೂ ಬಿಡಬೇಕಿರಲಿಲ್ಲ. ಪಾಠದ ಪುಸ್ತಕ ಮನೆಗೇ ಬರುತ್ತಿತ್ತು, ಆಗಾಗ ಕೆಲವು ದಿನ ಮುಖಾಮುಖಿ ತರಗತಿ. ದೊಡ್ಡಾಸ್ಪತ್ರೆಗೆ ಕಳಿಸುವುದು ಕಡಿಮೆಯಾಗಲಿ, ಇದ್ದಲ್ಲೇ ಗುಣವಾಗುವುದು ಹೆಚ್ಚಲಿ ಎಂಬುದೇ ಅವರ ಘೋಷವಾಕ್ಯದ ಸಾರ. ಪುಸ್ತಕ ಬಿಚ್ಚಿದರೆ ರೋಗದ ಹೆಸರಿನಿಂದ ಶುರುವಾಗುತ್ತಿರಲಿಲ್ಲ, ಒಬ್ಬ ಮನುಷ್ಯನಿಂದ ಶುರುವಾಗುತ್ತಿತ್ತು: ಇಷ್ಟು ವಯಸ್ಸಿನ ಹೆಂಗಸು, ಇಂಥ ತೊಂದರೆ, ನೀನೀಗ ಏನು ಕೇಳುತ್ತೀ? ರಾತ್ರಿ ಓದಿದ್ದು ಬೆಳಗ್ಗೆ ಓಪಿಯಲ್ಲಿ ಎದುರಿಗೆ ಬಂದು ಕೂರುತ್ತಿತ್ತು.

ಒಂದು ತರಗತಿಯಲ್ಲಿ ನಡೆದದ್ದು ಹೇಳುತ್ತೇನೆ. ಕೊಳಕುಮಂಡಲ, ಗರಗಸಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ನಿನಗೆ ಗೊತ್ತು. ಎರಡು ಮಿಲಿಲೀಟರ್ ರಕ್ತವನ್ನು ಗಾಜಿನ ನಳಿಕೆಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುವ ಪರೀಕ್ಷೆ. ನಾನು ಮಾಡುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಕಲಿಸುವವರು ಒಂದೇ ಪ್ರಶ್ನೆ ಕೇಳಿದರು: "ನಳಿಕೆಯನ್ನು ಯಾತರಲ್ಲಿ ತೊಳೆಯುತ್ತೀರಿ?" ಸೋಪಿನ ಪುಡಿಯಲ್ಲಿ ಅಂದೆ. ಸೋಪು ತಾಗಿದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಪ್ಲಾಸ್ಟಿಕ್ ನಳಿಕೆಯಲ್ಲೂ ಅಷ್ಟೇ. ವಿಷವೇರದ ಎಷ್ಟು ಜನಕ್ಕೆ ನಾನು ಸೀರಮ್ ಹಾಕಿ, ಅಲರ್ಜಿಯ ಅಪಾಯಕ್ಕೆ ಒಡ್ಡಿದ್ದೆನೋ! ಯಾವ ಕಾಲೇಜಿನ ಕೊಠಡಿಯಲ್ಲಿ ಎರಡು ವರ್ಷ ಕೂತಿದ್ದರೂ ಈ ಪ್ರಶ್ನೆ ನನಗೆ ಎದುರಾಗುತ್ತಿರಲಿಲ್ಲ. ಅಲ್ಲಿ ನಳಿಕೆ ತೊಳೆಯುವವರು ಬೇರೆ. ನನ್ನ ಆಸ್ಪತ್ರೆಯ ನಳಿಕೆ ನನ್ನ ಜೊತೆಗೇ ತರಗತಿಗೆ ಬಂದಿದ್ದರಿಂದ ಆ ಪ್ರಶ್ನೆ ಬಂತು.

ಹೀಗೆ ಕೆಲಸದ ಜೊತೆಗೇ ಓದುವ ಅರೆಕಾಲಿಕ ಫೆಲೋಶಿಪ್ಪುಗಳ ಬಗ್ಗೆ ನಾನು ಹೇಳಬೇಕಾದ್ದು ಇಷ್ಟೇ ಕೂಸೇ. ಪೂರ್ಣಾವಧಿ ಓದಲು ಆಗದವರಿಗೆ ಸಿಗುವ ಅರ್ಧ ಓದು ಎಂದು ಅವುಗಳನ್ನು ನೋಡಬೇಡ. ನಿನ್ನ ಬೆಂಚು, ನಿನ್ನ ಔಷಧಿ ಕಪಾಟು, ನಿನ್ನ ಜನ, ನಿನ್ನ ತಪ್ಪು ಎಲ್ಲವೂ ಪಠ್ಯವಾಗುವ ಓದು ಅದು. ದೊಡ್ಡ ಕಾಲೇಜುಗಳೂ ಈಗ ಈ ದಾರಿಗೆ ಬಂದಿವೆ. 2020ರ ನಿಯಮದ ಪ್ರಕಾರ ಎಂಡಿ, ಎಂಎಸ್ ಓದುವವರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು. ಅವರು ಮೂರು ತಿಂಗಳಿಗೆ ಬರುವಂಥ ಜಾಗದಲ್ಲಿ ನೀನು ಆಗಲೇ ಇದ್ದೀಯೆ.

ಇಂಥ ಓದು ಹಲವು ರೂಪದಲ್ಲಿದೆ. ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ ಎಂಬ ವೈದ್ಯರು 2003ರಲ್ಲಿ ಹೆಪಟೈಟಿಸ್ ಸಿ ರೋಗಕ್ಕಾಗಿ ಎಕೋ ಎಂಬ ಕ್ರಮ ಶುರುಮಾಡಿದರು. ಹಳ್ಳಿಯ ವೈದ್ಯರು ವಿಡಿಯೋದಲ್ಲಿ ತಮ್ಮದೇ ರೋಗಿಯ ಕಥೆ ಇಡುತ್ತಾರೆ, ತಜ್ಞರೂ ಉಳಿದ ಹಳ್ಳಿ ವೈದ್ಯರೂ ಕೂಡಿ ಅದನ್ನು ಬಿಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಅದೇ ಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಮನೋವೈದ್ಯ ಕಲಿಸುತ್ತದೆ. ಸಕ್ಕರೆ ಕಾಯಿಲೆಗೆ ಪಬ್ಲಿಕ್ ಹೆಲ್ತ್ ಫೌಂಡೇಶನ್ 2010ರಲ್ಲಿ ಶುರುಮಾಡಿದ ಒಂದು ವರ್ಷದ ಕೋರ್ಸಿಗೆ ತಿಂಗಳಿಗೊಂದು ರಜಾದಿನ ಕೊಟ್ಟರೆ ಸಾಕಿತ್ತು. ಹೆರಿಗೆಯ ತುರ್ತಿಗೆ ಎಂಬಿಬಿಎಸ್ ವೈದ್ಯರಿಗೆ ಅರಿವಳಿಕೆ ಕಲಿಸುವ 18 ವಾರದ ತರಬೇತಿಯನ್ನು ಸರ್ಕಾರವೇ ನಡೆಸಿದೆ. ಅದಕ್ಕೆ ಮಾತ್ರ ಊರು ಬಿಡಬೇಕು, ಆದರೆ ವರ್ಷಗಟ್ಟಲೆ ಅಲ್ಲ.

ಎಲ್ಲವೂ ಒಳ್ಳೆಯವಲ್ಲ, ಇದನ್ನೂ ತಿಳಿದುಕೋ. ಹಣ ಕಟ್ಟಿಸಿಕೊಂಡು, ನಾಲ್ಕು ವಿಡಿಯೋ ತೋರಿಸಿ, ಸರಿ ಉತ್ತರಕ್ಕೆ ಗುರುತು ಹಾಕಿಸಿ, ಚಿನ್ನದ ಅಂಚಿನ ಸರ್ಟಿಫಿಕೇಟ್ ಕಳಿಸುವವರೂ ಇದ್ದಾರೆ. ಸೇರುವ ಮುಂಚೆ ಅಲ್ಲಿ ಕಲಿತ ಯಾರನ್ನಾದರೂ ಹುಡುಕಿ ಕೇಳು: ನಿನ್ನ ರೋಗಿಯ ಬಗ್ಗೆ ಅವರು ಎಂದಾದರೂ ಕೇಳಿದರಾ? ಮಧ್ಯರಾತ್ರಿ ಸಂದೇಹ ಬಂದಾಗ ಫೋನ್ ಎತ್ತುವ ಮನುಷ್ಯ ಒಬ್ಬರಾದರೂ ಸಿಕ್ಕರಾ? ಎರಡಕ್ಕೂ ಇಲ್ಲ ಅಂದರೆ ಆ ದುಡ್ಡಿನಲ್ಲಿ ಒಂದು ಒಳ್ಳೆಯ ಪಲ್ಸ್ ಆಕ್ಸಿಮೀಟರ್ ತಗೋ. ಇನ್ನೊಂದು: ಫೆಲೋಶಿಪ್ ಮುಗಿಸಿದ ಮಾತ್ರಕ್ಕೆ ನೀನು ತಜ್ಞೆಯಾಗುವುದಿಲ್ಲ. ಬೋರ್ಡಿನಲ್ಲಿ ಹೆಸರಿನ ಮುಂದೆ ಒಂದಕ್ಷರ ಸೇರಿಸುವ ಮೊದಲೂ ವೈದ್ಯಕೀಯ ಪರಿಷತ್ತನ್ನು ಕೇಳು.

ಎಂಡಿ ಮಾಡಲೇಬೇಕೆಂಬ ಆಸೆ ಗಟ್ಟಿಯಾಗಿದ್ದರೆ ನಾನು ಅಡ್ಡ ಬರುವುದಿಲ್ಲ. ಆದರೆ ರಾಜೀನಾಮೆ ಕೊಟ್ಟು ಕೋಚಿಂಗ್ ಕ್ಲಾಸಿಗೆ ಓಡಬೇಡ. ತಮಿಳುನಾಡಿನಲ್ಲಿ ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ರಾಜ್ಯದ ಪಾಲಿನ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧ ಮೀಸಲಿದೆ. ಹಾಗೆ ಮೀಸಲಿಡುವ ಅಧಿಕಾರ ರಾಜ್ಯಗಳಿಗೆ ಉಂಟೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬೆಟ್ಟದ ಸೇವೆ ನಿನ್ನ ಓದನ್ನು ಕಿತ್ತುಕೊಳ್ಳುವುದಿಲ್ಲ, ಅದಕ್ಕೆ ಬಾಗಿಲೂ ಆಗುತ್ತದೆ.

ನಮ್ಮ ಕಾಡಿನ ಮಗ್ಗುಲಲ್ಲೇ ಬಿಳಿಗಿರಿರಂಗನ ಬೆಟ್ಟ. ಡಾಕ್ಟರ್ ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಸೋಲಿಗರಲ್ಲಿ ಕುಡಗೋಲು ಕಣ ರೋಗ ಇರುವುದನ್ನು ಗುರುತಿಸಿ, ಅದಕ್ಕೆ ಚಿಕಿತ್ಸೆ ಕೊಡುತ್ತ ಬಂದವರು ಆ ಕೇಂದ್ರದವರು. ನಮ್ಮ ದೇಶದಲ್ಲಿ ಆ ರೋಗದ ಲಕ್ಷಣವನ್ನು ಮೊದಲು ಕಂಡದ್ದೂ ಇಲ್ಲೇ ಪಕ್ಕದ ನೀಲಗಿರಿಯ ಬುಡಕಟ್ಟಿನವರಲ್ಲಿ, 1952ರಲ್ಲಿ. 2023ರ ಜುಲೈನಿಂದ ಅದರ ನಿರ್ಮೂಲನೆಗೆಂದೇ ರಾಷ್ಟ್ರೀಯ ಅಭಿಯಾನ ನಡೆಯುತ್ತಿದೆ. ನಿನ್ನ ಓಪಿಗೆ ತಿಂಗಳು ತಿಂಗಳೂ ಕೀಲುನೋವೆಂದು ಬಂದು ಸೂಜಿ ಹಾಕಿಸಿಕೊಂಡು ಹೋಗುವ ಸೋಲಿಗರ ಹುಡುಗ ಇದ್ದಾನಲ್ಲ, ಅವನ ರಕ್ತ ಪರೀಕ್ಷೆಗೆ ಹೋಗಿದೆಯಾ? ಹೋಗಿಲ್ಲದಿದ್ದರೆ ನಿನ್ನ ಫೆಲೋಶಿಪ್ಪಿನ ಮೊದಲ ಪಾಠ ಅವನೇ.

ನಿನ್ನ ಆಸ್ಪತ್ರೆಯ ಸಿಸ್ಟರನ್ನು ಬಿಟ್ಟು ನೀನೊಬ್ಬಳೇ ಓದಬೇಡ. ಹದಿನಾಲ್ಕು ವರ್ಷದಿಂದ ಹೆರಿಗೆ ಮಾಡಿಸುತ್ತಿರುವವರು ಅವರು. 1987ರ ಆ ಬೆಳಗ್ಗೆ ಹುಡುಗನ ಅವ್ವನ ಮಾತು ಕೇಳಿ ರೆಪ್ಪೆ ಎತ್ತಿ ನೋಡಲು ಕಲಿತ ದಾದಿ ಒಬ್ಬಳಿದ್ದಿದ್ದರೂ ಸಾಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ತಂದು, ದಾದಿಯರಿಗೆ 18 ತಿಂಗಳ ನರ್ಸ್ ಪ್ರಾಕ್ಟೀಷನರ್ ತರಬೇತಿಯ ದಾರಿ ತೆರೆಯಿತು. ತೀವ್ರ ನಿಗಾಕ್ಕೂ ಅಂಥದೊಂದು ಎರಡು ವರ್ಷದ ಓದಿದೆ, ಅದರ ಬಹುಪಾಲು ರೋಗಿಯ ಹಾಸಿಗೆ ಪಕ್ಕದಲ್ಲೇ ನಡೆಯುತ್ತದೆ. ಅವರ ಅರ್ಜಿಗೆ ನೀನು ಶಿಫಾರಸು ಬರೆ.

ಅತಿ ಕಷ್ಟದ ಮಾತು ಸಮಯದ್ದು. ಅರೆಕಾಲಿಕ ಅಂದರೆ ರಾತ್ರಿ ನಿದ್ದೆಗೆಟ್ಟು ಓದುವುದೆಂದು ಮೇಲಿನವರು ಅಂದುಕೊಳ್ಳುತ್ತಾರೆ. ನಾನು ಹಾಗೇ ಓದಿದೆ, ನಿನ್ನ ದೊಡ್ಡಮ್ಮನ ಕಾಯಿಲೆಯ ದಿನಗಳಲ್ಲೂ ಓದಿದೆ. ಅದು ಸರಿಯಲ್ಲ. ಸ್ಕಾಟ್ಲೆಂಡಿನಲ್ಲಿ ಗುಡ್ಡಗಾಡಿಗೂ ದ್ವೀಪಗಳಿಗೂ ಹೋಗುವ ಕುಟುಂಬ ವೈದ್ಯರಿಗೆ ಒಂದು ವರ್ಷದ ಗ್ರಾಮೀಣ ಫೆಲೋಶಿಪ್ ಇದೆ. ಓದಿನ ಸಮಯವನ್ನು ಅಲ್ಲಿ ಕೆಲಸದೊಳಗೇ ಎತ್ತಿಡುತ್ತಾರೆ. ನೀನೂ ವಾರಕ್ಕೆ ಅರ್ಧ ದಿನ ಕೇಳು. ಬಾಯಿಮಾತಿನಲ್ಲಿ ಬೇಡ, ಬರೆದು ಕೇಳು, ನಕಲು ಇಟ್ಟುಕೋ. ಕಳೆದ ಮೂರು ತಿಂಗಳಲ್ಲಿ ಎಷ್ಟು ಜನರನ್ನು ಘಾಟಿ ಇಳಿಸಿ ಕಳಿಸಿದೆ, ಅದರಲ್ಲಿ ಎಷ್ಟು ಜನರನ್ನು ಇಲ್ಲೇ ನೋಡಿಕೊಳ್ಳಬಹುದಿತ್ತು ಎಂದು ರಿಜಿಸ್ಟರು ತೆಗೆದು ಎಣಿಸು. 2022ರ ಫೆಬ್ರವರಿಯಿಂದ ರಾತ್ರಿ ಈ ಘಾಟಿ ರಸ್ತೆಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸಿಗೆ ತಡೆಯಿಲ್ಲ ನಿಜ, ಆದರೆ ಆಂಬುಲೆನ್ಸಿಗೂ ತಿರುವು ಇಪ್ಪತ್ತೇಳೇ. ಆ ಲೆಕ್ಕವನ್ನು ಅರ್ಜಿಯ ಜೊತೆ ಲಗತ್ತಿಸು. ಮುಂದಿನ ಭಾನುವಾರ ಬರುವಾಗ ರಿಜಿಸ್ಟರು ತಾ, ಇಬ್ಬರೂ ಕೂತು ಎಣಿಸೋಣ.

ಹೋದ ಭಾನುವಾರ ನೀನು ವಾರ್ಡಿಗೆ ಹೋಗಿದ್ದಾಗ ನಿನ್ನ ಲ್ಯಾಬಿನ ಮೇಲಿನ ಖಾನೆಯಲ್ಲಿ ಒಂದು ಡಜನ್ ಹೊಸ ಗಾಜಿನ ನಳಿಕೆ ಇಟ್ಟು ಬಂದಿದ್ದೇನೆ. ಸೋಪು ತಾಗಿಸಬಾರದೆಂದು ಕನ್ನಡದಲ್ಲೂ ತಮಿಳಿನಲ್ಲೂ ಚೀಟಿ ಅಂಟಿಸಿದ್ದೇನೆ. ಒಂದು ಸಲ ಬಳಸಿದ್ದನ್ನು ಎಸೆದುಬಿಡು. ಮುಗಿದರೆ ಹೇಳು, ಮೈಸೂರಿಗೆ ಹೋದಾಗ ತರುತ್ತೇನೆ.