ಕೊಟ್ಟಿಗೆಗೆ ಹೋಗುವಾಗ ಕೈಕಾಲಿಗೆ ಏನು ಹಾಕಬೇಕು?



ಹುಮನಾಬಾದ ತಾಲೂಕಿನ ಒಂದು ಹಳ್ಳಿಯ ಸದಸ್ಯೆಯ ವಿಷಯದಿಂದ ಈ ಪಾಠ ಶುರು ಮಾಡುತ್ತೇನೆ. ಹೆಸರು ಬೇಡ. ಸಂಘದಿಂದ ಸಾಲ ತೆಗೆದು ಎಮ್ಮಿ ಕಟ್ಟಿದ್ದಳು. ಏಳು ತಿಂಗಳ ಗಬ್ಬದ ಎಮ್ಮಿ ಒಂದು ರಾತ್ರಿ ಕಂದು ಹಾಕಿತು. ಕಸ (ಮಾಸು) ಬೀಳಲಿಲ್ಲ. ಡಾಕ್ಟರು ಬರುವತನಕ ಕಾಯದೆ ಆಕೆ ಬರಿಗೈಯಿಂದ ಅದನ್ನು ಎಳೆದು ತೆಗೆದಳು. ಕೈಯಲ್ಲಿ ಕಬ್ಬಿನ ರವದಿ ಕೊಯ್ದ ಗಾಯಗಳಿದ್ದವು. ಕೆಲವು ವಾರ ಆದ ಮೇಲೆ ಸಂಜೆ ಜ್ವರ ಬರುವುದು, ರಾತ್ರಿ ಮೈಯೆಲ್ಲ ಬೆವರುವುದು, ಬೆಳಗ್ಗೆ ಜ್ವರ ಇಳಿಯುವುದು. ಸೊಂಟ ಹಿಡಿಯಿತು, ಕೀಲು ನೋವು. ಟೈಫಾಯಿಡ್ ಅಂತ ಒಂದು ಕಡೆ, ಮಲೇರಿಯಾ ಅಂತ ಇನ್ನೊಂದು ಕಡೆ ಔಷಧ ಆಯಿತು. ಕೊನೆಗೆ ಒಬ್ಬ ಡಾಕ್ಟರು "ಮನೆಯಲ್ಲಿ ದನ ಇದಾವೇನಮ್ಮಾ?" ಎಂದು ಕೇಳಿ ರಕ್ತ ಪರೀಕ್ಷೆ ಬರೆದುಕೊಟ್ಟರು. ಬ್ರುಸೆಲ್ಲೋಸಿಸ್ ಎಂದು ಗೊತ್ತಾಯಿತು. ಅಷ್ಟರಲ್ಲಿ ಮೂರು ತಿಂಗಳ ಕೂಲಿ ಹೋಗಿತ್ತು.

ಆ ಸಾಲದ ಅರ್ಜಿ ತುಂಬಿಸಿದವಳು ನಾನೇ. ಎಮ್ಮಿಯ ಬೆಲೆ ಬರೆದೆ, ಮೇವು ಬರೆದೆ, ವಿಮೆ ಬರೆದೆ, ಹಗ್ಗ-ಬಕೆಟ್ ಕೂಡ ಬರೆದೆ. ಎಮ್ಮಿ ನೋಡಿಕೊಳ್ಳುವವಳ ಕೈಕಾಲಿಗೆ ಒಂದು ರೂಪಾಯಿ ಬರೆದಿರಲಿಲ್ಲ. ಆಕೆಯೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಈಗ ನಮ್ಮಲ್ಲಿ ಕೆಲವರು ಪಶು ಸಖಿ ತರಬೇತಿಗೆ ಹೋಗುತ್ತಿದ್ದೀರಿ. ಪಶು ಸಖಿಯರಿಗೆ ಇನ್ನೂ ಹೆಚ್ಚಿನ ತರಬೇತಿ ಕೊಡುವ 'ಎ-ಹೆಲ್ಪ್' ಎಂಬ ಯೋಜನೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದೆ. ಇಂಥ ತರಬೇತಿ ಪಡೆದವರು ಸ್ವಂತ ಮನೆಯ ಎಮ್ಮಿಯಲ್ಲ, ಹತ್ತು ಮನೆಯ ದನಗಳ ಹತ್ತಿರ ಹೋಗಬೇಕು. ಬೀದರ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಕಲಿಯುವ ಹುಡುಗ-ಹುಡುಗಿಯರನ್ನು ನೋಡಿ, ದನದ ಕೆಲಸಕ್ಕೆ ಗಮ್ ಬೂಟು, ಏಪ್ರನ್ ಹಾಕಿಕೊಂಡೇ ನಿಲ್ಲುತ್ತಾರೆ. ಅವರ ಮುಂದಿರುವುದೂ ಅದೇ ದೇವಣಿ ಆಕಳು, ಅದೇ ಎಮ್ಮಿ. ಅವರಿಗೆ ಬೇಕಾದದ್ದು ನಮಗೆ ಯಾಕೆ ಬೇಡ?

ಈ ಕಂದು ರೋಗದ ರೋಗಾಣುವನ್ನು ಮೊದಲು ಕಂಡುಹಿಡಿದವರು ಡೇವಿಡ್ ಬ್ರೂಸ್ ಎಂಬ ಸೈನ್ಯದ ಡಾಕ್ಟರು, 1887ರಲ್ಲಿ, ಮಾಲ್ಟಾ ಎಂಬ ದ್ವೀಪದಲ್ಲಿ. ಅಲ್ಲಿನ ಸೈನಿಕರಿಗೆ ಜ್ವರ ಎಲ್ಲಿಂದ ಬರುತ್ತದೆ ಎಂದು ಮುಂದೆ 18 ವರ್ಷ ತಿಳಿಯಲಿಲ್ಲ. 1905ರಲ್ಲಿ ಆಡಿನಲ್ಲಿ ಅದೇ ರೋಗಾಣು ಸಿಕ್ಕಿತು, ಕುದಿಸದ ಹಾಲಿನಿಂದ ಬರುತ್ತದೆ ಎಂದು ಗೊತ್ತಾಯಿತು. ಹಾಲು ಕುದಿಸುವುದು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಆದರೆ ಕಂದು ಹಾಕಿದ ದನದ ನೀರು, ರಕ್ತ, ಕಸ, ಸತ್ತ ಕರು ಇವುಗಳಲ್ಲಿ ಆ ರೋಗಾಣು ತುಂಬಿರುತ್ತದೆ. ಗಾಯದ ಕೈಯಿಂದ, ಕಣ್ಣಿಗೆ ಸಿಡಿದ ಹನಿಯಿಂದ ಮೈ ಸೇರುತ್ತದೆ. ಆದ್ದರಿಂದ ಮೊದಲು ಕೈಯ ಮಾತು, ಆಮೇಲೆ ಕಾಲಿನದು.

ಕೈಗವಸು

ಕರು ಹಾಕಿಸುವಾಗ ಬೆರಳು ಮುಚ್ಚುವ ಸಣ್ಣ ಗ್ಲೌಸು ಸಾಲದು. ಭುಜದವರೆಗೆ ಬರುವ ಉದ್ದನೆಯ ಪ್ಲಾಸ್ಟಿಕ್ ಕೈಗವಸು ಬೇಕು. ಆಕಳಿಗೆ ಇಂಜೆಕ್ಷನ್ ಮಾಡಿ ಗಬ್ಬ ಕಟ್ಟಿಸುವವರು ಹಾಕುವುದನ್ನು ನೀವೆಲ್ಲ ನೋಡಿದ್ದೀರಿ, ಅದೇ. ಅದು ತೆಳ್ಳಗೆ, ಬೇಗ ಹರಿಯುತ್ತದೆ. ಅದಕ್ಕೆ ಮೇಲೆ ಒಂದು ರಬ್ಬರ್ ಗ್ಲೌಸು ಹಾಕಿದರೆ ಹಿಡಿತವೂ ಸಿಗುತ್ತದೆ, ಬೆರಳ ತುದಿಯಲ್ಲಿ ಹರಿಯುವುದೂ ಇಲ್ಲ. ಒಮ್ಮೆ ಬಳಸಿದ್ದನ್ನು ತೊಳೆದು ಒಣಗಿಸಿ ಮತ್ತೆ ಬಳಸಬೇಡಿ. ನಮ್ಮ ಹೆಣ್ಣುಮಕ್ಕಳಿಗೆ ಏನನ್ನೂ ಒಗೆಯಲು ಮನಸ್ಸಾಗುವುದಿಲ್ಲ, ನನಗೂ ಗೊತ್ತು. ಆದರೆ ಇದನ್ನು ಒಗೆಯಲೇಬೇಕು. ರಾತ್ರಿ ಹೊತ್ತಿನಲ್ಲಿ ಏನೂ ಇಲ್ಲದಿದ್ದರೆ ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಚೀಲ ಕೈಗೆ ಏರಿಸಿ ಮೇಲೆ ಕಟ್ಟಿಕೊಳ್ಳಿ. ಬರಿಗೈಗಿಂತ ಅದು ಮೇಲು.

ಬಳೆಯ ವಿಷಯ. ಗಾಜಿನ ಬಳೆ ಒಳಗೆ ಒಡೆದರೆ ಎಮ್ಮಿಯ ಗರ್ಭಕ್ಕೂ ಗಾಯ, ನಿಮ್ಮ ಕೈಗೂ ಗಾಯ. ಮುತ್ತೈದೆ ಕೈಯಿಂದ ಬಳೆ ತೆಗೆಯುವುದೇ ಎಂದು ಅತ್ತೆಯಂದಿರು ಸಿಟ್ಟಾಗುತ್ತಾರೆ. ಒಂದು ಗುಂಪಿನಲ್ಲಿ ಈ ವಿಷಯಕ್ಕೇ ಅರ್ಧ ತಾಸು ಜಗಳವಾಯಿತು. ಆ ಸಭೆಯಲ್ಲಿ ಒಬ್ಬ ಹಿರಿಯಕ್ಕ ಹೇಳಿದ ಉಪಾಯ ನನಗೆ ಸರಿ ಅನ್ನಿಸಿತು: ಕೆಲಸ ಮಾಡುವ ಕೈಯ ಬಳೆ ತೆಗೆದು ಇನ್ನೊಂದು ಕೈಗೆ ಹಾಕಿಕೊಂಡು, ಆ ಕೈಗೆ ಮೇಲೊಂದು ಬಟ್ಟೆ ಸುತ್ತಿಕೊಳ್ಳುವುದು. ಎರಡೂ ಕೈ ಬೇಕಾದ ಕೆಲಸ ಡಾಕ್ಟರದ್ದು, ನಮ್ಮದಲ್ಲ. ಉಂಗುರ ಮಾತ್ರ ಯಾವ ಕೈಯಲ್ಲೂ ಬೇಡ, ಗ್ಲೌಸು ಹರಿಯುತ್ತದೆ.

ಗ್ಲೌಸು ಇದ್ದರೂ ಮಾಡಬಾರದ ಕೆಲಸ ಒಂದಿದೆ. ಎಮ್ಮಿ ಜೊಲ್ಲು ಸುರಿಸುತ್ತಾ, ನುಂಗಲಾಗದೆ, ವಿಚಿತ್ರವಾಗಿ ಒದರುತ್ತಿದ್ದರೆ "ಗಂಟಲಾಗ ಏನೋ ಸಿಕ್ಕದ" ಎಂದು ಬಾಯೊಳಗೆ ಕೈ ಹಾಕಬೇಡಿ. ಹುಚ್ಚುನಾಯಿ ಕಡಿದ ದನವೂ ಹೀಗೇ ಮಾಡುತ್ತದೆ. ದೂರ ಕಟ್ಟಿ 1962ಕ್ಕೆ ಫೋನ್ ಮಾಡಿ, ಅದು ಪಶು ಚಿಕಿತ್ಸಾ ವಾಹನದ ಉಚಿತ ನಂಬರು. ಈಗಾಗಲೇ ಕೈ ಹಾಕಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ದವಾಖಾನೆಗೆ ಹೋಗಿ ರೇಬಿಸ್ ಸೂಜಿ ಹಾಕಿಸಿಕೊಳ್ಳಬೇಕು.

ಬೂಟು

"ಸಿಸ್ಟರ್, ಎಮ್ಮಿ ಮುಂದ ಬೂಟ್ ಹಾಕ್ಕೊಂಡು ನಿಂತ್ರ ಮಂದಿ ನಗ್ತಾರ್ರೀ" ಎಂದು ಒಬ್ಬಳು ಹೇಳಿದಳು. ಇನ್ನೊಬ್ಬಳು, "ಆಕಳಂದ್ರ ಲಕ್ಷ್ಮಿ, ಕೊಟ್ಟಿಗೆಯಾಗ ಕಾಲಾಗ ಮೆಟ್ಟು ಹಾಕಬಾರದು" ಎಂದಳು. ನಗುವವರಿಗೆ ನಕ್ಕು ಸಾಕಾಗುತ್ತದೆ, ಬಿಡಿ. ಎರಡನೆಯ ಮಾತಿಗೆ ನನಗೆ ಗೌರವವಿದೆ. ಆದರೆ ಬಸವಕಲ್ಯಾಣದವರಾದ ನಮಗೆ ಪಾದರಕ್ಷೆ ಕೀಳು ವಸ್ತುವಲ್ಲ. ಶರಣ ಹರಳಯ್ಯ-ಕಲ್ಯಾಣಮ್ಮ ದಂಪತಿ ಬಸವಣ್ಣನವರಿಗೆ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂಬ ಕಥೆ ಕೇಳಿ ಬೆಳೆದ ಊರು ಇದು. ಕೊಟ್ಟಿಗೆಗೆಂದೇ ಬೇರೆ ಬೂಟು ಇಡಿ. ಅದನ್ನು ಹಾಕಿಕೊಂಡು ಪಾಯಖಾನೆಗೂ ಬಜಾರಿಗೂ ಹೋಗಬೇಡಿ. ಹಾಗೆ ಮಾಡಿದರೆ ಅತ್ತೆಗೂ ಸಮಾಧಾನ, ದನಕ್ಕೂ ಒಳ್ಳೆಯದು.

ಬರಿಗಾಲಲ್ಲಿ ಹೆಂಡಿ-ಗಂಜಲದಲ್ಲಿ ನಿಂತರೆ ಒಡೆದ ಹಿಮ್ಮಡಿಯಿಂದ ಏನೇನು ಒಳಗೆ ಹೋಗುತ್ತದೆಂದು ಹೇಳುತ್ತೇನೆ: ಮಳೆಗಾಲದಲ್ಲಿ ಇಲಿಜ್ವರ, ಮೊಳೆ ಚುಚ್ಚಿದರೆ ಧನುರ್ವಾಯು, ಕೆಸರಿನಿಂದ ಕೊಕ್ಕೆಹುಳ. ಕೊಕ್ಕೆಹುಳದಿಂದ ರಕ್ತ ಕಡಿಮೆಯಾಗುತ್ತದೆ, ನಮ್ಮ ಹೆಂಗಸರಲ್ಲಿ ಅದು ಮೊದಲೇ ಕಡಿಮೆ.

ಅಂಗಡಿಯಲ್ಲಿ ಪಿ.ವಿ.ಸಿ. ಬೂಟು, ರಬ್ಬರ್ ಬೂಟು ಎರಡೂ ಸಿಗುತ್ತವೆ. ಪಿ.ವಿ.ಸಿ. ಅಗ್ಗ, ತೊಳೆಯುವುದು ಸುಲಭ, ಆದರೆ ಹಳೆಯದಾದಂತೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ರಬ್ಬರ್ ಮೆತ್ತಗೆ, ಕಾಲಿಗೆ ಹಿತ, ಬೆಲೆ ಹೆಚ್ಚು. ಕೊಟ್ಟಿಗೆ ಕೆಲಸಕ್ಕೆ ಪಿ.ವಿ.ಸಿ. ಸಾಕು ಎಂಬುದು ನನ್ನ ಅಭಿಪ್ರಾಯ. ಒಳ್ಳೆಯದರ ಮೇಲೆ ಐ.ಎಸ್.ಐ. ಗುರುತಿನ ಜೊತೆ ಐ.ಎಸ್. 12254 ಎಂದು ಇರುತ್ತದೆ. ಎರಡು-ಮೂರು ದಿನದ ಹಾಲಿನ ದುಡ್ಡಿಗೆ ಒಂದು ಜೊತೆ ಬರುತ್ತದೆ.

ನಿಜವಾದ ತೊಂದರೆ ಅಳತೆಯದು. ಅಂಗಡಿಯವರು ಗಂಡಸರ 8, 9 ನಂಬರ್ ತಂದಿಡುತ್ತಾರೆ, ನಮ್ಮ ಕಾಲು 4, 5. "ಸಾಕ್ಸ್ ಹಾಕಿದರೆ ಹಿಡಿಯುತ್ತದೆ" ಎನ್ನುತ್ತಾರೆ, ಒಪ್ಪಬೇಡಿ. ದೊಡ್ಡ ಬೂಟು ಕೆಸರಿನಲ್ಲಿ ಸಿಕ್ಕಿಕೊಂಡರೆ ಕಾಲು ಹೊರಗೆ ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ. ಎಮ್ಮಿ ಒದೆಯಲು ಕಾಲೆತ್ತಿದಾಗ ಹಿಂದೆ ಸರಿಯಲು ಆಗುವುದಿಲ್ಲ. ಹತ್ತು ಜನ ಸೇರಿ ಅಳತೆ ಬರೆದುಕೊಟ್ಟರೆ ಅಂಗಡಿಯವನು ಸಣ್ಣ ನಂಬರ್ ತರಿಸಿಕೊಡುತ್ತಾನೆ, ಒಬ್ಬಳಿಗೋಸ್ಕರ ತರಿಸುವುದಿಲ್ಲ. ಸಂಘ ಇರುವುದು ಇದಕ್ಕೂ ಹೌದು. ಸಂಜೆ ಹೊತ್ತು ಹೋಗಿ ನೋಡಿ, ದಿನವಿಡೀ ನಿಂತ ಕಾಲು ಸ್ವಲ್ಪ ಊದಿರುತ್ತದೆ. ದಪ್ಪ ಹತ್ತಿಯ ಸಾಕ್ಸ್ ಹಾಕಿಯೇ ಏರಿಸಿ ನೋಡಿ. ಕಾಲುಂಗುರ ಒತ್ತುತ್ತದೆಯೋ ನೋಡಿ, ಒತ್ತಿದರೆ ಬೆರಳಿಗೆ ಹುಣ್ಣಾಗುತ್ತದೆ. ಬೂಟಿನ ಎತ್ತರ ಮೊಣಕಾಲ ಕೆಳಗಿನವರೆಗೆ ಇರಲಿ. ಅಟ್ಟೆಯಲ್ಲಿ ಆಳವಾದ ಗೆರೆಗಳಿರಲಿ, ಗಂಜಲ ಬಿದ್ದ ಸಿಮೆಂಟು ನೆಲ ಬಹಳ ಜಾರುತ್ತದೆ.

ಬೆರಳಿನ ಮೇಲೆ ಉಕ್ಕಿನ ಟೋಪಿ ಇರುವ ಬೂಟೂ ಇದೆ. ಎಮ್ಮಿ ಪಾದ ತುಳಿದರೆ ಬೆರಳು ಉಳಿಯುತ್ತವೆ. ದವಾಖಾನೆಯ ಟ್ರೆವಿಸ್ ಬಳಿ ಗೊತ್ತಿಲ್ಲದ ದನ ಹಿಡಿಯುವ ಪಶು ಸಖಿಗೆ ಇದು ಒಳ್ಳೆಯದು. ಮನೆಯ ಒಂದು ಎಮ್ಮಿಗೆ ಬೇಡ, ಭಾರ ಹೆಚ್ಚು. ಯಾವ ಬೂಟೂ ಮೊಣಕಾಲಿಗೆ ಬೀಳುವ ಒದೆ ತಡೆಯುವುದಿಲ್ಲ ಎಂಬುದು ನೆನಪಿರಲಿ.

ಬೇಸಿಗೆಯಲ್ಲಿ ಬೂಟಿನೊಳಗೆ ಕಾಲು ಬೇಯುತ್ತದೆ, ಸುಳ್ಳಲ್ಲ. ಬೆಳಗಿನ ಕೆಲಸ ಬೇಗ ಮುಗಿಸಿ ಕೂಡಲೇ ಕಳಚಿ, ಕಾಲು ತೊಳೆದು ಒರೆಸಿಕೊಳ್ಳಿ. ಬೂಟನ್ನು ತಲೆಕೆಳಗೆ ಕೋಲಿಗೆ ಸಿಗಿಸಿ ಒಣಗಿಸಿ. ಹಾಕುವ ಮುಂಚೆ ಪ್ರತಿ ಸಲ ಕೊಡವಿ, ಚೇಳು ಕೂತಿರುತ್ತದೆ. ಗಂಡಸರು ಹೊಲಕ್ಕೆ ನೀರು ಬಿಡಲು ಒಯ್ಯದಂತೆ ಎಲ್ಲಿಡಬೇಕು ಎಂಬುದನ್ನು ನೀವೇ ಯೋಚಿಸಿ!

ಸೀರೆ ಮತ್ತು ಏಪ್ರನ್

ಪತ್ರಾ ಹೊಚ್ಚುವಾಗ ಮೇಲಿನ ಪತ್ರಾ ಕೆಳಗಿನದರ ಮೇಲೆ ಬರುವಂತೆ ಹಾಕುತ್ತೇವಲ್ಲ, ಅದೇ ಲೆಕ್ಕ ಇಲ್ಲೂ. ಸೀರೆಯ ಅಂಚು ಅಥವಾ ಪೈಜಾಮ ಬೂಟಿನ ಒಳಗೆ, ಏಪ್ರನ್ ಬೂಟಿನ ಹೊರಗೆ. ಏಪ್ರನ್ ಬೂಟಿನ ಬಾಯಿಗಿಂತ ಒಂದು ಗೇಣು ಕೆಳಗೆ ಇಳಿದಿರಲಿ, ಇಲ್ಲದಿದ್ದರೆ ಮೇಲೆ ಬಿದ್ದದ್ದೆಲ್ಲ ಬೂಟಿನೊಳಗೆ ಹೋಗಿ ನಿಲ್ಲುತ್ತದೆ. ಕಚ್ಚೆ ಸೀರೆಯವರಿಗೆ ಇದು ಸುಲಭ. ಉಳಿದವರು ಚೂಡಿದಾರ ಹಾಕಿದರೆ ಒಳ್ಳೆಯದು, ಇಲ್ಲವೇ ಸೀರೆ ಎತ್ತಿ ಕಟ್ಟಿ. ಕಳೆ ತೆಗೆಯಲು ಹೋಗುವಾಗ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕುತ್ತೀರಿ, ಅದು ಇಲ್ಲಿಗೂ ಸರಿ. ಸೆರಗು, ಜಡೆ, ತಾಳಿ ಎಲ್ಲ ಅಂಗಿಯ ಒಳಗೆ ಹೋಗಲಿ, ಕೊಂಬಿಗೆ ಸಿಗಬಾರದು. ಹೊಸ ಪ್ಲಾಸ್ಟಿಕ್ ಏಪ್ರನ್ ಸರಸರ ಸದ್ದಿಗೆ ದನ ಬೆದರುತ್ತದೆ. ಮೊದಲು ಮೂಸಿ ನೋಡಲು ಬಿಡಿ. ಕಣ್ಣಿಗೆ ಕನ್ನಡಕ, ಬಾಯಿ-ಮೂಗಿಗೆ ಮಾಸ್ಕ್ ಕರು ಹಾಕಿಸುವಾಗ ಬೇಕು. ಬಸುರಿ ಹೆಂಗಸು ಕಂದು ಹಾಕಿದ ದನದ ಹತ್ತಿರ ಹೋಗಲೇಬಾರದು, ಎಷ್ಟು ಬಟ್ಟೆ ಹಾಕಿದರೂ.

ತೊಳೆಯದ ಬೂಟು ಬರಿಗಾಲಿಗಿಂತ ಕೆಟ್ಟದ್ದು

ಪಶು ಸಖಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಒಂದು ಮನೆಯಲ್ಲಿ ಕಾಲುಬಾಯಿ ಬೇನೆ ಇದ್ದರೆ ನಿಮ್ಮ ಬೂಟಿಗೆ ಹತ್ತಿದ ಹೆಂಡಿಯ ಜೊತೆ ಅದು ಮುಂದಿನ ಮನೆಗೆ ಹೋಗುತ್ತದೆ. ಉಪಕಾರ ಮಾಡಲು ಹೋದವಳೇ ರೋಗ ಹೊತ್ತು ತಂದಳು ಎಂಬ ಮಾತು ಬರುತ್ತದೆ. ಮೊದಲು ಬ್ರಷ್ಷಿನಿಂದ ಉಜ್ಜಿ, ಅಟ್ಟೆಯ ಗೆರೆಯೊಳಗಿನ ಹೆಂಡಿ ಪೂರಾ ತೆಗೆಯಿರಿ. ಹೆಂಡಿ ಇರುವತನಕ ಮೇಲೆ ಯಾವ ಔಷಧ ಸುರಿದರೂ ಕೆಲಸ ಮಾಡುವುದಿಲ್ಲ. ಆಮೇಲೆ 10 ಲೀಟರ್ ನೀರಿಗೆ 400 ಗ್ರಾಂ ಬಟ್ಟೆ ಒಗೆಯುವ ಸೋಡಾ ಕರಗಿಸಿ (ಅಡಿಗೆ ಸೋಡಾ ಅಲ್ಲ) ಅದರಲ್ಲಿ ಸ್ವಲ್ಪ ಹೊತ್ತು ನಿಂತು ಹೊರಬನ್ನಿ. ಕಾಲುಬಾಯಿಯ ರೋಗಾಣು ಇದಕ್ಕೆ ಸಾಯುತ್ತದೆ. ಸೋಡಾ ನೀರಿಗೆ ಬರಿಗೈ ಹಾಕಬೇಡಿ, ಉರಿಯುತ್ತದೆ. ಕೊಟ್ಟಿಗೆಯ ಬಟ್ಟೆ ಮಕ್ಕಳ ಬಟ್ಟೆಯ ಜೊತೆ ನೆನೆಸಬೇಡಿ. ಸತ್ತ ಕರು, ಕಸ, ಬಳಸಿದ ಗ್ಲೌಸು ಎಲ್ಲ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ನಾಯಿ ಎಳೆಯದಂತೆ ಮೇಲೆ ಕಲ್ಲಿಡಿ.

ಕಾಲುಬಾಯಿ ಮತ್ತು ಕಂದು ರೋಗದ ಲಸಿಕೆ ಕಾರ್ಯಕ್ರಮ 2019ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಆರಂಭವಾಯಿತು. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಜೀವನದಲ್ಲಿ ಒಂದೇ ಸಲ ಕಂದು ರೋಗದ ಲಸಿಕೆ. ತಪ್ಪದೆ ಹಾಕಿಸಿ. ಆದರೆ ಅದರಲ್ಲಿ ಜೀವಂತ ರೋಗಾಣು ಇರುತ್ತದೆ, ಡಾಕ್ಟರ ಇಲಾಖೆಯವರೇ ಹಾಕಬೇಕು. ಕರು ಹಿಡಿದು ನಿಂತ ನಿಮಗೆ ಸೂಜಿ ಚುಚ್ಚಿದರೆ, ಕಣ್ಣಿಗೆ ಸಿಡಿದರೆ ತೊಳೆದು ಕೂಡಲೇ ದವಾಖಾನೆಗೆ ಹೋಗಿ.

ಜ್ವರ ಬಂದು ಹೋಗಿ ಮಾಡುತ್ತಿದ್ದರೆ "ನಾನು ದನದ ಕೆಲಸ ಮಾಡ್ತೀನಿ, ನಮ್ಮ ಎಮ್ಮಿ ಕಂದು ಹಾಕಿತ್ತು" ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ. ಅವರು ಕೇಳಲಿಕ್ಕಿಲ್ಲ. ಆರು ವಾರದ ಮಾತ್ರೆಗಳಿರುತ್ತವೆ, ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಮತ್ತೆ ಮರುಕಳಿಸುತ್ತದೆ. ಮೊದಲು ಹೇಳಿದ ಸದಸ್ಯೆ ಆರು ವಾರ ಪೂರಾ ತೆಗೆದುಕೊಂಡು ಗುಣವಾದಳು. ಈಗ ಆಕೆಯ ಮನೆಯ ಬಾಗಿಲ ಪಕ್ಕ ಕೋಲಿನ ಮೇಲೆ ಒಂದು ಜೊತೆ ಬೂಟು ತಲೆಕೆಳಗಾಗಿ ನಿಂತಿರುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಿ

ನಮ್ಮ ಊರಿನಲ್ಲಿ ಕಳೆದ ವರ್ಷ ಎಷ್ಟು ಆಕಳು-ಎಮ್ಮಿ ಕಂದು ಹಾಕಿದವು? ಕೈ ಹಾಕಿದವರು ಯಾರು, ಅವರಿಗೆ ಆಮೇಲೆ ಜ್ವರ ಬಂದಿತ್ತೇ?

ಏಪ್ರನ್ ಮತ್ತು ಉದ್ದ ಕೈಗವಸಿನ ಪೊಟ್ಟಣವನ್ನು ಸಂಘದ್ದಾಗಿ ಯಾರ ಮನೆಯಲ್ಲಿ ಇಡೋಣ? ರಾತ್ರಿ ಬಾಗಿಲು ತಟ್ಟಿದರೆ ಕೊಡುವ ಮನೆಯಾಗಿರಲಿ. ಬೂಟು ಮಾತ್ರ ಅವರವರದೇ ಇರಬೇಕು.

ಮುಂದಿನ ಎಮ್ಮಿ ಸಾಲದ ಅರ್ಜಿಯಲ್ಲಿ 'ಬೂಟು, ಏಪ್ರನ್, ಕೈಗವಸು' ಎಂಬ ಸಾಲನ್ನು ಎಮ್ಮಿಯ ಬೆಲೆಯ ಕೆಳಗೇ ಬರೆಯೋಣವೇ? ಈ ತಿಂಗಳು ಎಲ್ಲರ ಕಾಲಿನ ಅಳತೆ ನಿರ್ಣಯ ಪುಸ್ತಕದಲ್ಲಿ ಬರೆದು ತನ್ನಿ.