ಹಲಸಿನ ಬೇಳೆ ಮತ್ತು ಪ್ರೋಟೀನು ಶುದ್ಧೀಕರಣದ ಲೆಕ್ಕಾಚಾರ

ಪ್ರೋಟೀನು ಶುದ್ಧೀಕರಣದ ಕೆಲಸ ನನಗೆ ಕಲಿಸಿದ ಮುಖ್ಯ ಪಾಠವೆಂದರೆ, ಎಷ್ಟು ಕಾಲಂ (ಪ್ರೋಟೀನುಗಳನ್ನು ಬೇರ್ಪಡಿಸುವ ಮಣಿ ತುಂಬಿದ ನಳಿಕೆ) ಹಾಯಿಸಿದೆವು ಎಂಬುದಕ್ಕಿಂತ ಒಂದೊಂದು ಕಾಲಂ ಪ್ರೋಟೀನಿನ ಯಾವ ಗುಣವನ್ನು ಹಿಡಿಯುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಇದನ್ನು ವಿವರಿಸಲು ಹಲಸಿನ ಬೇಳೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಳೆಗಾಲಕ್ಕೆಂದು ಮಣ್ಣು ಸವರಿ ಎತ್ತಿಡುವ ಆ ಬೇಳೆಯಲ್ಲಿ ಜಾಕಲಿನ್ ಎಂಬ ಲೆಕ್ಟಿನ್ ಹೇರಳವಾಗಿದೆ. ಸಕ್ಕರೆಯ ಅಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳಿಗೆ ಲೆಕ್ಟಿನ್ ಎನ್ನುತ್ತಾರೆ. ಜಾಕಲಿನ್‌ಗೆ ಒಗ್ಗುವುದು ಗ್ಯಾಲಕ್ಟೋಸ್. ಜಾಕಲಿನ್‌ನ ರಚನೆಯನ್ನು 1996ರಲ್ಲಿ ಬಿಡಿಸಿ ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡದವರು. ಅದರಲ್ಲಿ ನಾಲ್ಕು ಘಟಕಗಳಿವೆ. ಪ್ರತಿ ಘಟಕದಲ್ಲೂ 133 ಅಮೈನೋ ಆಮ್ಲಗಳ ಒಂದು ಉದ್ದ ಸರಪಳಿ, 20ರ ಒಂದು ಗಿಡ್ಡ ಸರಪಳಿ.

ಬೇಳೆಯನ್ನು ಅರೆದು ಬಫರ್‌ನಲ್ಲಿ ಕಲಸಿ ಪಿಷ್ಟವನ್ನು ತೆಗೆದ ಮೇಲೂ ರಸದಲ್ಲಿ ನಾನಾ ಪ್ರೋಟೀನುಗಳು ಉಳಿಯುತ್ತವೆ. ಅಮೋನಿಯಂ ಸಲ್ಫೇಟ್ ಹಾಕಿ ಗರಣೆಗಟ್ಟಿಸಿ, ಆಮೇಲೆ ಒಂದರ ಹಿಂದೊಂದು ಕಾಲಂ ಹಾಯಿಸುವುದು ಹಳೆಯ ಪದ್ಧತಿ. ಆದರೆ ಒಂದು ಹಂತದಲ್ಲಿ ನೂರಕ್ಕೆ 80 ಪಾಲು ಉಳಿಯುತ್ತದೆ ಎಂದಿಟ್ಟುಕೊಂಡರೂ ಮೂರು ಹಂತ ಮುಗಿದಾಗ ಕೈಯಲ್ಲಿರುವುದು 51, ಐದು ಮುಗಿದಾಗ 33. ಅದಕ್ಕೇ ಗ್ಯಾಲಕ್ಟೋಸ್ ಹೊತ್ತ ಕಾಲಂನಲ್ಲಿ ಜಾಕಲಿನ್ ಅನ್ನು ಮೊದಲೇ ಹಿಡಿದು, ಉಳಿದದ್ದನ್ನು ತೊಳೆದು, ಗ್ಯಾಲಕ್ಟೋಸ್ ದ್ರಾವಣದಿಂದಲೇ ಬಿಡಿಸಿಕೊಳ್ಳುವುದು ಜಾಣತನ. ಇಲ್ಲಿ ಹೊಸಬರನ್ನು ಕಂಗೆಡಿಸುವ ಸಂಗತಿಯೊಂದಿದೆ. ಹೊರಬಂದ ಪ್ರೋಟೀನನ್ನು ಹಾಗೇ ಕೆಂಪು ರಕ್ತಕಣಗಳ ಮೇಲೆ ಪರೀಕ್ಷಿಸಿದರೆ ಲೆಕ್ಟಿನ್ ಇದ್ದರೆ ಗುಂಪುಗೂಡಬೇಕಾದ ಕಣಗಳು ಗುಂಪುಗೂಡುವುದಿಲ್ಲ. ಪ್ರೋಟೀನು ಸತ್ತಿರುವುದಿಲ್ಲ, ಅದರ ಹಿಡಿತದ ಜಾಗವನ್ನು ಗ್ಯಾಲಕ್ಟೋಸ್ ತುಂಬಿಕೊಂಡಿರುತ್ತದೆ. ಡಯಾಲಿಸಿಸ್ ಮಾಡಿ ಸಕ್ಕರೆಯನ್ನು ಹೊರಹಾಕಿದ ಮೇಲಷ್ಟೇ ಆ ಪರೀಕ್ಷೆಗೆ ಅರ್ಥ.

ಹಾಗಾದರೆ ಇದೊಂದೇ ಕಾಲಂ ಸಾಲದೇ ಎಂದು ಕೇಳಬಹುದು. ಕೆಲವು ಕೆಲಸಕ್ಕೆ ಸಾಕು, ಎಲ್ಲಕ್ಕೂ ಅಲ್ಲ. ಬೇಳೆಯಲ್ಲಿ ಜಾಕಲಿನ್‌ನ ಹಲವು ರೂಪಗಳಿವೆ. ಗ್ಯಾಲಕ್ಟೋಸ್‌ಗೆ ಅಂಟುವ ರೂಪಗಳೆಲ್ಲ ಕಾಲಂನಲ್ಲಿ ಒಟ್ಟಿಗೇ ನಿಲ್ಲುತ್ತವೆ. ಅವುಗಳಲ್ಲಿರುವ ವಿದ್ಯುದಂಶದ ವ್ಯತ್ಯಾಸವನ್ನು ಅಯಾನು ವಿನಿಮಯ ಕಾಲಂ ಬಳಸಿಕೊಳ್ಳುತ್ತದೆ. ಗಂಟುಗಟ್ಟಿದ ಪ್ರೋಟೀನನ್ನು ಗಾತ್ರದ ಮೇಲೆ ಬೇರ್ಪಡಿಸುವ ಜೆಲ್ ಫಿಲ್ಟ್ರೇಶನ್ ಕೊನೆಯಲ್ಲಿ ಬರಬೇಕು, ಏಕೆಂದರೆ ಅದು ಒಮ್ಮೆಗೆ ತಾಳುವುದು ತನ್ನ ಗಾತ್ರದ ನೂರಕ್ಕೆ ಕೆಲವೇ ಪಾಲು ದ್ರಾವಣವನ್ನು. ಅಲ್ಲೂ ಎಚ್ಚರ ಬೇಕು. ಆ ಕಾಲಂಗೆ ತುಂಬುವ ಅಗರೋಸ್ ಜೆಲ್ಲಿನಲ್ಲೇ ಗ್ಯಾಲಕ್ಟೋಸ್ ಇದೆ. ಹರಳಿನ ಬೀಜದ ರೈಸಿನ್ ಅದಕ್ಕೆ ಅಂಟಿಯೇ ಬಿಡುತ್ತದೆ. ಈ ಕಾಲಂನಲ್ಲಿ ಚಿಕ್ಕ ಪ್ರೋಟೀನು ತಡವಾಗಿ ಬರುವುದರಿಂದ, ಹೀಗೆ ಅಂಟಿಕೊಂಡು ತಡವಾಗಿ ಹೊರಬಂದ ಲೆಕ್ಟಿನ್ ಅನ್ನು ಗಾತ್ರದಲ್ಲಿ ಚಿಕ್ಕದೆಂದು ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಹಿಸ್ಟಿಡಿನ್ ಬಾಲ ಕಟ್ಟಿ, ನಿಕಲ್ ಕಾಲಂನಲ್ಲಿ ಹಿಡಿಯಬಹುದಲ್ಲ ಎಂಬುದು ಈ ಕಾಲದ ಪ್ರಶ್ನೆ. ಅನೇಕ ಪ್ರೋಟೀನುಗಳಿಗೆ ಅದೇ ಸರಿಯಾದ ದಾರಿ. ಆದರೆ ಹಾಗೆ ತಯಾರಾದ ಜಾಕಲಿನ್ ಎರಡಾಗಿ ಕತ್ತರಿಸದ ಒಂದೇ ಸರಪಳಿ. ಅದು ಸರಿಯಾಗಿ ಮಡಿಚಿಕೊಂಡರೂ ಸಕ್ಕರೆಯನ್ನು ಹಿಡಿಯುವ ಬಲ ಕಡಿಮೆ ಎಂದು 2004ರ ಅಧ್ಯಯನವೊಂದು ತೋರಿಸಿತು. ದುಬಾರಿ ಯಂತ್ರ ಇಲ್ಲದ ಕರಾವಳಿಯ ಪದವಿ ಕಾಲೇಜುಗಳಲ್ಲಿ ಬೇಳೆಯಿಂದ ಜಾಕಲಿನ್ ಶುದ್ಧೀಕರಿಸುವುದು ಆಗದ ಮಾತು ಎಂಬುದನ್ನಂತೂ ನಾನು ಒಪ್ಪುವುದಿಲ್ಲ. ಗೋರಿಕಾಯಿ ಬೀಜದ ಅಂಟಿನಲ್ಲಿ ಗ್ಯಾಲಕ್ಟೋಸ್ ತುಂಬಿದೆ. ಅದನ್ನು ರಾಸಾಯನಿಕವಾಗಿ ಬೆಸೆದು ಕರಗದಂತೆ ಮಾಡಿ, ಇಂಥ ಲೆಕ್ಟಿನ್‌ಗಳನ್ನು ಹಿಡಿಯುವ ಕಾಲಂ ಆಗಿ ನಮ್ಮ ದೇಶದ ವಿಜ್ಞಾನಿಗಳು 1970ರ ದಶಕದಲ್ಲೇ ಬಳಸಿದ್ದಾರೆ. ಗಾಜಿನ ನಳಿಕೆಯಲ್ಲಿ ದ್ರಾವಣ ತನ್ನ ಭಾರಕ್ಕೇ ಇಳಿಯುತ್ತದೆ, ಪಂಪು ಬೇಡ.

ಎಷ್ಟು ಶುದ್ಧವಾದರೆ ಸಾಕು ಎಂಬುದನ್ನು ಬಳಕೆಯೇ ತೀರ್ಮಾನಿಸಬೇಕು. ತರಗತಿಯಲ್ಲಿ ರಕ್ತಕಣಗಳನ್ನು ಗುಂಪುಗೂಡಿಸಿ ತೋರಿಸಲು ಒಂದು ಕಾಲಂ ಸಾಕಾದೀತು. ಹರಳುಗಟ್ಟಿಸಿ ರಚನೆ ನೋಡಬೇಕೆಂದರೆ ಸಾಲದು. ಜಾಕಲಿನ್ ಮನುಷ್ಯರ ಐಜಿಎ ಪ್ರತಿಕಾಯಗಳನ್ನು ಹಿಡಿಯುತ್ತದೆಂದು 1985ರಲ್ಲಿ ಬ್ರೆಜಿಲ್‌ನ ಸಂಶೋಧಕರು ತಿಳಿಸಿದ ಮೇಲೆ ಅದು ತಾನೇ ಕಾಲಂಗೆ ಏರಿತು. ಅಗರೋಸ್ ಮಣಿಗಳಿಗೆ ಕಟ್ಟಿದ ಜಾಕಲಿನ್ ಮೇಲೆ ರಕ್ತದ ಸೀರಂ ಹಾಯಿಸಿದರೆ ಐಜಿಎ1 ನಿಲ್ಲುತ್ತದೆ, ಐಜಿಎ2 ಹರಿದುಹೋಗುತ್ತದೆ. ಅಲ್ಲಿ ಮಣಿಗಳಿಂದ ಜಾಕಲಿನ್‌ನ ಚೂರುಪಾರು ಕಳಚಿ ಪ್ರತಿಕಾಯದ ಜೊತೆ ಬರುವುದರಿಂದ, ಅದನ್ನು ತೆಗೆಯಲು ಇನ್ನೊಂದು ಹಂತ ಬೇಕಾಗುತ್ತದೆ.