ಗೆರೆಯೊಳಗಿನ ನ್ಯಾಯ

ಮನೆಯನ್ನು ಕಟ್ಟುವವನು ಮೊದಲು ನಕ್ಷೆಯನ್ನು ಬರೆಯಿಸುತ್ತಾನೆ. ಗೋಡೆ ಎದ್ದ ಮೇಲೆ ಬಾಗಿಲಿನ ಸ್ಥಾನವನ್ನು ಬದಲಿಸುವುದು ಕಷ್ಟ. ಕಾಗದದ ಮೇಲಿನ ಗೆರೆಯನ್ನು ಅಳಿಸುವುದು ಸುಲಭ. ಗಣಕಯಂತ್ರದ ತಂತ್ರಾಂಶವನ್ನು ರಚಿಸುವವರೂ ಇದೇ ಕ್ರಮವನ್ನು ಅನುಸರಿಸುತ್ತಾರೆ. ಅವರ ನಕ್ಷೆ ಎಂತಹುದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿದುದರಿಂದ ಅಲ್ಲಿ ಕಬ್ಬಿನ ಬೆಳೆ ಹಬ್ಬಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಈ ಸೀಮೆಯ ಯಾವುದೋ ಒಂದು ಕಾರ್ಖಾನೆಯು ತನ್ನ ಕಬ್ಬಿನ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸಲು ಬಯಸಿದೆ ಎಂದು ಭಾವಿಸೋಣ.

ಈ ವ್ಯವಹಾರದಲ್ಲಿ ಸೇರಿರುವ ವಸ್ತುಗಳು ಯಾವುವು? ರೈತ, ಗದ್ದೆ, ತೂಕದ ಚೀಟಿ, ಹಣ ಪಾವತಿ. ಒಂದೇ ಬಗೆಯ ವಸ್ತುಗಳ ಸಮೂಹಕ್ಕೆ ‘ವರ್ಗ’ವೆಂದು ಹೆಸರು. ಪ್ರತಿಯೊಂದು ವರ್ಗಕ್ಕೂ ಒಂದು ಆಯತವನ್ನು ಬರೆದು, ಅದನ್ನು ಮೂರು ಭಾಗ ಮಾಡುತ್ತಾರೆ. ಮೇಲೆ ಹೆಸರು, ನಡುವೆ ಗುಣಗಳು, ಕೆಳಗೆ ಕ್ರಿಯೆಗಳು. ತೂಕದ ಚೀಟಿಗೆ ದಿನಾಂಕವೂ ತೂಕವೂ ಗುಣಗಳು. ಸಲ್ಲಬೇಕಾದ ಹಣವನ್ನು ಲೆಕ್ಕ ಹಾಕುವುದು ಕ್ರಿಯೆ. ಆಯತಗಳನ್ನು ಕೂಡಿಸುವ ಗೆರೆಗಳು ವರ್ಗಗಳ ಸಂಬಂಧವನ್ನು ತೋರಿಸುತ್ತವೆ.

ಈಗ ವಿದ್ಯಾರ್ಥಿಯೊಬ್ಬನು ರೈತ, ಗದ್ದೆಗಳ ನಡುವೆ ಗೆರೆಯೆಳೆದು, ಎರಡು ತುದಿಗಳಲ್ಲಿಯೂ 1 ಎಂದು ಬರೆದನೆನ್ನೋಣ. ಒಬ್ಬ ರೈತನಿಗೆ ಒಂದೇ ಗದ್ದೆ ಎಂಬುದು ಇದರ ಅರ್ಥ. ನಕ್ಷೆಯನ್ನು ಕಂಡ ರೈತನು, “ನನಗೆ ಮದ್ದೂರಿನ ಬಳಿ ಒಂದು ಗದ್ದೆ, ಮಳವಳ್ಳಿಯ ಬಳಿ ಇನ್ನೊಂದು ಗದ್ದೆ ಇದೆಯಲ್ಲಪ್ಪ!” ಎನ್ನುತ್ತಾನೆ. ಆಗ ಗದ್ದೆಯ ತುದಿಯಲ್ಲಿ ‘ಅನೇಕ’ವೆಂಬ ಅರ್ಥದ ನಕ್ಷತ್ರ ಚಿಹ್ನೆ ಬರುತ್ತದೆ. “ಮಳವಳ್ಳಿಯದು ನನ್ನೊಬ್ಬನದಲ್ಲ, ನನ್ನ ತಂಗಿಗೂ ಅದರಲ್ಲಿ ಪಾಲಿದೆ” ಎಂದಾಗ ರೈತನ ತುದಿಯಲ್ಲಿಯೂ ನಕ್ಷತ್ರವೇ ಬರಬೇಕಾಗುತ್ತದೆ. ಆ ಚಿಹ್ನೆ ತಪ್ಪಿದ್ದರೆ ತಂಗಿಯ ಹೆಸರಿಗೆ ಲೆಕ್ಕದಲ್ಲಿ ಸ್ಥಳವೇ ಇರುತ್ತಿರಲಿಲ್ಲ. ಕಬ್ಬನ್ನು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವು ವಿಧಿಸಿದೆ. ಆದರೆ ಲೆಕ್ಕದಲ್ಲಿ ಹೆಸರೇ ಇಲ್ಲದವರಿಗೆ ಯಂತ್ರವು ಹಣವನ್ನು ಹೇಗೆ ತಾನೇ ಸಲ್ಲಿಸೀತು?

ಲೋಕವನ್ನು ವಸ್ತುಗಳಾಗಿ ಕಾಣುವ ಈ ಕ್ರಮವು 1960ರ ದಶಕದಲ್ಲಿ ನಾರ್ವೆ ದೇಶದ ಡಾಲ್ ಮತ್ತು ನೈಗಾರ್ಡ್ ಎಂಬ ವಿಜ್ಞಾನಿಗಳು ರಚಿಸಿದ ‘ಸಿಮುಲಾ’ ಗಣಕಭಾಷೆಯಿಂದ ಬೆಳೆಯಿತು. ಮುಂದೆ ನಕ್ಷೆ ಬರೆಯುವ ಪದ್ಧತಿಗಳು ಹಲವಾದವು. ಬೂಚ್, ರಂಬಾ, ಯಾಕಬ್‌ಸನ್ ಎಂಬ ಮೂವರು ತಮ್ಮ ಪದ್ಧತಿಗಳನ್ನು ಒಂದುಗೂಡಿಸಿದರು. ಅದರಿಂದ ರೂಪುಗೊಂಡ ‘ಯು.ಎಂ.ಎಲ್.’ ಎಂಬ ಚಿತ್ರಭಾಷೆಯು 1997ರಲ್ಲಿ ಮಾನ್ಯತೆ ಪಡೆಯಿತು.

ಆಯತವನ್ನೂ ಗೆರೆಯನ್ನೂ ಬರೆಯಲು ಅಲ್ಪಕಾಲದಲ್ಲಿ ಕಲಿಯಬಹುದು. ಆದರೆ ಯಾವ ಗೆರೆ ಎಲ್ಲಿ ಸಲ್ಲುತ್ತದೆಂಬುದನ್ನು ಗದ್ದೆಯಲ್ಲಿ ದುಡಿಯುವವರನ್ನು ಕೇಳಿಯೇ ತಿಳಿಯಬೇಕು. ಆದುದರಿಂದ ನಕ್ಷೆ ಬರೆಯುವವನು ಮೊದಲು ಇತರರ ಮಾತನ್ನು ತಾಳ್ಮೆಯಿಂದ ಕೇಳುವುದನ್ನು ಅಭ್ಯಾಸ ಮಾಡಬೇಕು.